ಅಳೆದು ತೂಗಿ, ಆಮೇಲೆ?

ನಮ್ಮ ಕೋಲಾರದ ಕಡೆ ಹಳಬರು ರಾಗಿಯನ್ನು ಅಳೆಯುತ್ತಿದ್ದರು, ಹುಣಸೆಹಣ್ಣನ್ನು ತೂಗುತ್ತಿದ್ದರು. 1956ರ ತೂಕ, ಅಳತೆ ಕಾಯ್ದೆ ಬಂದ ಮೇಲೆ ಎಲ್ಲಾ ಕಿಲೋ ಆಯಿತು. ಆದರೂ ಸೇರು, ಪಾವು ನಮ್ಮ ಮನೆ ಬಿಟ್ಟು ಹೋಗಲಿಲ್ಲ. ರಾಗಿ ಕೊಳ್ಳುವಾಗ ಅಜ್ಜಿ ಸೇರು ತುಂಬಿಸಿ, ಅಂಗೈಯಲ್ಲಿ ಮೇಲೆ ಸವರಿ, ಆಮೇಲೆ ಅದನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಜೊಳ್ಳು ರಾಗಿಯೂ ಸೇರು ತುಂಬುತ್ತದೆ, ಆದರೆ ಕೈಗೆ ಹಗುರ.

'ಅಳೆದು ತೂಗಿ' ಅನ್ನುವ ಮಾತು ನನಗೆ ಅರ್ಥವಾಗಿರುವುದು ಹೀಗೆ. ಬರೀ ಅಳೆದರೆ ಸಾಲದು. ಹುರುಳು ಎಷ್ಟಿದೆ ಅಂತಲೂ ನೋಡಬೇಕು.

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊದ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿತ್ತು. ಊರಲ್ಲಿ ಜಾಸ್ತಿ ಜನ ಹಿಂದೆ ಮುಂದೆ ನೋಡದೆ ನಾಟಿಗೆ ಇಳಿದರು. ಅಪ್ಪ ಮೊದಲು ಬೋರ್‌ವೆಲ್ ಮೋಟಾರ್ ಹಾಕಿ ನೀರು ಎಷ್ಟು ಹೊತ್ತು ಬರುತ್ತೆ ಅಂತ ನೋಡಿದರು. ಕೋಲು, ದಾರ, ಕೂಲಿ, ಔಷಧಿ ಎಲ್ಲ ಲೆಕ್ಕ ಹಾಕಿದರು. ಆಮೇಲೆ ನರ್ಸರಿಗೆ ಹೋದರು. ಸಸಿ ಟ್ರೇಗಳು ಹೆಚ್ಚು ಕಡಿಮೆ ಎಲ್ಲಾ ಆಗಲೇ ಬುಕ್ ಆಗಿದ್ದವು. 'ನಮ್ಮ ಕಾಯಿ ಬರೋದು ಎರಡು ತಿಂಗಳಾದ ಮೇಲೆ. ಇವೆಲ್ಲಾನೂ ಅದೇ ಹೊತ್ತಿಗೆ ಮಂಡಿಗೆ ಬರ್ತವೆ' ಅಂದರು. ಅರ್ಧ ಎಕರೆ ಟೊಮೆಟೊ, ಉಳಿದಿದ್ದಕ್ಕೆ ಬೀನ್ಸು. ಅವತ್ತು ಸಂಜೆಯೇ ತೀರ್ಮಾನ ಆಯಿತು. ಸೆಪ್ಟೆಂಬರ್ ಹೊತ್ತಿಗೆ ಟೊಮೆಟೊ ರೇಟು ನೆಲ ಕಚ್ಚಿತು.

ಒಂದೇ ದಿನದ ಕೆಲಸ ಅದು. ಹಾಗಾಗಿ ಅಳೆದು ತೂಗುವುದನ್ನು 'ಮೀನ ಮೇಷ ಎಣಿಸುವುದು' ಅನ್ನುವುದರ ಜೊತೆ ಸೇರಿಸಿದರೆ ನನಗೆ ಸಂಕಟವಾಗುತ್ತದೆ. ಮೀನ ಮೇಷ ಅನ್ನುವುದು ಕೆಲಸ ಮುಂದಕ್ಕೆ ಹಾಕುವವರಿಗೆ ಹೇಳುವ ಮಾತು. 'ಅಳೆದೂ ಸುರಿದೂ ಕೊನೆಗೆ ಹೂಂ ಅಂದರು' ಅಂತೀವಲ್ವಾ, ಅದೂ ಬೇರೆಯೇ. ಅಳೆದದ್ದನ್ನು ಮತ್ತೆ ರಾಶಿಗೇ ಸುರಿದು ಮೊದಲಿಂದ ಶುರು ಮಾಡುವವರಿಗೆ ಅದು ಒಪ್ಪುತ್ತದೆ. 'ವಿವೇಚನೆ' ಒಳ್ಳೆಯ ಪದವೇ, ಆದರೆ ಪೇಪರಿನಲ್ಲಿ, ಕೋರ್ಟಿನಲ್ಲಿ ಅದಕ್ಕೆ ಜಾಗ ಜಾಸ್ತಿ. ಹೆಣ್ಣು ಕೊಡುವಾಗ, ಸೈಟು ಕೊಳ್ಳುವಾಗ, ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಲ್ಲುವಾಗ ನಮ್ಮ ಬಾಯಿಗೆ ಬರುವುದು 'ಅಳೆದು ತೂಗಿ' ಅಂತಲೇ.

ಇನ್ನೊಂದು ವಿಷಯ. 'ಅಪ್ಪ ಅಳೆದು ತೂಗಿ' ಅಂತ ಹೇಳಿ ಸುಮ್ನೆ ನಿಲ್ಲಿಸಿ ನೋಡಿ. ಕೇಳುವವರು ಬಿಡುವುದಿಲ್ಲ. ತಗೊಂಡರಾ, ಬಿಟ್ಟರಾ, ಏನು ಮಾಡಿದರು ಅಂತ ಕೇಳಿಯೇ ಕೇಳುತ್ತಾರೆ.