ಹತ್ತರ ಲೆಕ್ಕ ಎಂಟರಲ್ಲೇ ತಪ್ಪಿರುತ್ತದೆ

ಎಸ್‌ಎಸ್‌ಎಲ್‌ಸಿ ಪ್ರಿಪರೇಟರಿ ಪೇಪರ್ ತಿದ್ದಿ ಮುಗಿದ ಕೂಡಲೇ ಫಲಿತಾಂಶ ಸುಧಾರಣೆಯ ಸಭೆ. ಗಣಿತದಲ್ಲಿ ಹಿಂದುಳಿದವರನ್ನೆಲ್ಲ ‘ಸಿ’ ಗುಂಪಿಗೆ ಹಾಕಿ, ಪಾಸಾಗಲು ಬೇಕಾದಷ್ಟೇ ಪಾಠಗಳ ‘ಪಾಸಿಂಗ್ ಪ್ಯಾಕೇಜ್’ ಕೊಡಿ, ಅವರಿಗೆ ವರ್ಗ ಸಮೀಕರಣ ಬೇಡ ಎಂದು ಅಪ್ಪಣೆಯಾಯಿತು. ರೇಖಾನಕ್ಷೆ, ಥೇಲ್ಸ್ ಪ್ರಮೇಯ, ಸರಾಸರಿ ಇಷ್ಟನ್ನು ಉರು ಹೊಡೆಸಿದರೆ ಸಾಕಂತೆ. ಆ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಆ ಗುಂಪಿನ ಹುಡುಗಿಯೊಬ್ಬಳು ಅದೇ ದಿನ ಬೆಳಿಗ್ಗೆ ಬೋರ್ಡಿನ ಮೇಲೆ ವರ್ಗ ಸಮೀಕರಣವನ್ನು ಮುಕ್ಕಾಲು ಪಾಲು ಸರಿಯಾಗಿಯೇ ಬಿಡಿಸಿದ್ದಳು.

ಚರಾಕ್ಷರ ‘ಕ್ಷ’ ಎಂದಿರಲಿ. ಲೆಕ್ಕ 6ಕ್ಷ² − ಕ್ಷ − 2 = 0. ಮಧ್ಯದ ಪದವನ್ನು ಒಡೆಯಲು ಗುಣಲಬ್ಧ 6 × (−2) ಅಂದರೆ −12, ಮೊತ್ತ −1 ಬರುವ ಎರಡು ಸಂಖ್ಯೆ ಬೇಕು. ಆಕೆ 3 ಮತ್ತು −4 ಎಂದು ಯಾರನ್ನೂ ಕೇಳದೆ ಹುಡುಕಿದಳು. 6ಕ್ಷ² + 3ಕ್ಷ − 4ಕ್ಷ − 2 ಎಂದು ಒಡೆದಳು. ಮುಂದಿನ ಸಾಲಿನಲ್ಲಿ 3ಕ್ಷ(2ಕ್ಷ + 1) − 2(2ಕ್ಷ − 1) ಎಂದು ಬರೆದು ಸೀಮೆಸುಣ್ಣ ಹಿಡಿದ ಕೈ ನಿಂತಿತು. ಎರಡು ಆವರಣ ಒಂದೇ ಇರಬೇಕು, ಇಲ್ಲಿ ಇಲ್ಲ ಎಂಬುದು ಅವಳಿಗೇ ಹೊಳೆದಿತ್ತು. ತರಗತಿ ಗಪ್‌ಚುಪ್. ಸ್ವಲ್ಪ ಹೊತ್ತು ನೋಡಿ, ಸರಿಯಿದ್ದ ಮೊದಲ ಆವರಣದ ಕೂಡಿಸು ಚಿಹ್ನೆಯನ್ನೇ ಬೆರಳಿನಿಂದ ಒರೆಸಿ ಕಳೆ ಚಿಹ್ನೆ ಮಾಡಿದಳು. ಉತ್ತರ 2/3 ಮತ್ತು 1/2 ಎಂದಾಯಿತು. ಎರಡನೆಯದು −1/2 ಆಗಬೇಕಿತ್ತು.

ಇದರಲ್ಲಿ ಹತ್ತನೇ ತರಗತಿಯ ತಪ್ಪು ಒಂದೂ ಇಲ್ಲ. −4ಕ್ಷ − 2 ರಿಂದ −2 ಹೊರತೆಗೆದರೆ ಒಳಗೆ ಉಳಿಯುವುದು +1 ಎಂಬುದು ಎಂಟನೇ ತರಗತಿಯ ಅಪವರ್ತಿಸುವಿಕೆಯ ಪಾಠ. ಅದರ ಬುಡದಲ್ಲಿರುವುದು ಋಣ ಪೂರ್ಣಾಂಕಗಳ ಗುಣಾಕಾರ, ಭಾಗಾಕಾರ; ಅದು ಏಳರದ್ದು. ಈ ಹುಡುಗಿಗೆ ವರ್ಗ ಸಮೀಕರಣದ ಅಧ್ಯಾಯವನ್ನು ಮೊದಲಿಂದ ಮತ್ತೊಮ್ಮೆ ಮಾಡಿದರೂ ಅದೇ ಸಾಲಿನಲ್ಲಿ ಮತ್ತೆ ಎಡವುತ್ತಾಳೆ. ಅಧ್ಯಾಯವನ್ನೇ ಕೈಬಿಟ್ಟರೆ ಎಡವುವುದು ಪಿಯುಸಿಗೋ ಡಿಪ್ಲೊಮಾಗೋ ವರ್ಗಾವಣೆ ಆಗುತ್ತದೆ, ಅಷ್ಟೇ.

ಹೀಗೆ ಒಡೆಯುವ ಬದಲು ಸೂತ್ರ ಹಾಕಿ ಮೂಲ ಹುಡುಕುವವರಲ್ಲೂ ರೋಗ ಇದೇ. ಇದೇ ಲೆಕ್ಕದಲ್ಲಿ ಮಧ್ಯದ ಸಹಗುಣಕ −1, ಅದರ ವರ್ಗ 1. ಅದರಿಂದ 4 × 6 × (−2), ಅಂದರೆ −48 ಕಳೆದರೆ 49, ವರ್ಗಮೂಲ 7. ಆವರಣ ಹಾಕದೆ ಬರೆಯುವ ಮಗು 1 − 48 ಎಂದು −47 ತಂದು, ‘ವಾಸ್ತವ ಮೂಲಗಳಿಲ್ಲ’ ಎಂದು ಧೈರ್ಯವಾಗಿ ಮುಗಿಸುತ್ತದೆ. ಶೋಧಕ, ಅಂದರೆ ವರ್ಗಮೂಲದೊಳಗಿನ ಆ ಸಂಖ್ಯೆ, ಋಣವಾದರೆ ವಾಸ್ತವ ಮೂಲವಿಲ್ಲ ಎಂಬ ನಿಯಮ ಆ ಮಗುವಿಗೆ ಚೆನ್ನಾಗಿ ಗೊತ್ತು. ಎರಡು ಕಳೆ ಚಿಹ್ನೆ ಎದುರಾದಾಗ ಏನಾಗುತ್ತದೆ ಎಂಬುದಷ್ಟೇ ಗೊತ್ತಿಲ್ಲ. ಪೇಪರ್ ತಿದ್ದುವಾಗ ಸೊನ್ನೆ ಸುತ್ತಿ ಮುಂದೆ ಹೋದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಮಕ್ಕಳ ಅಂಕ ದಾಖಲಿಸುವ ಇಲಾಖೆಯ ಜಾಲತಾಣ ಸ್ಯಾಟ್ಸ್‌ಗೆ ಏರುವುದು ಅಂಕ ಮಾತ್ರ, ಯಾವ ಸಾಲಿನಲ್ಲಿ ಮುರಿಯಿತು ಎಂದು ಬರೆಯಲು ಅಲ್ಲಿ ಕಾಲಂ ಇಲ್ಲ.

ಪರಿಹಾರ ಬೋಧನೆಗೆ ಕೂರಿಸುವ ಮೊದಲು ಒಂದು ಚೀಟಿಯಲ್ಲಿ ನಾಲ್ಕೇ ಪ್ರಶ್ನೆ ಕೊಡಿ: −7 + 4 ಎಷ್ಟು, −2(2ಕ್ಷ − 1) ಬಿಡಿಸಿ, −4ಕ್ಷ − 2 ರಿಂದ −2 ಹೊರತೆಗೆಯಿರಿ, ಗುಣಲಬ್ಧ −12, ಮೊತ್ತ −1 ಬರುವ ಸಂಖ್ಯೆಗಳು ಯಾವುವು. ಮೊದಲನೆಯದೇ ತಪ್ಪಿದವರಿಗೆ ಸಂಖ್ಯಾರೇಖೆಯಿಂದ ಶುರು ಮಾಡಬೇಕು. ಎರಡನೆಯದು ಸರಿ, ಮೂರನೆಯದು ತಪ್ಪು ಎನ್ನುವವರೇ ಹೆಚ್ಚು ಸಿಗುತ್ತಾರೆ. ಅವರಿಗೆ ಒಂದೇ ಅಭ್ಯಾಸ ಸಾಕು. ಹೊರತೆಗೆದ ಪ್ರತಿ ಸಲವೂ ಒಳಕ್ಕೆ ಗುಣಿಸಿ, ಹಿಂದಿನ ಸಾಲು ಮರಳಿ ಬಂತೇ ಎಂದು ನೋಡುವುದು. −2(2ಕ್ಷ − 1) ಅನ್ನು ಬಿಡಿಸಿದರೆ −4ಕ್ಷ + 2 ಬರುತ್ತದೆ. ತಪ್ಪನ್ನು ಮಗುವೇ ಹಿಡಿಯುತ್ತದೆ. ನಾಲ್ಕನೆಯದರಲ್ಲಿ ಮಾತ್ರ ನಿಂತವರಿಗೆ 12ರ ಅಪವರ್ತನ ಜೋಡಿಗಳನ್ನು 1 × 12, 2 × 6, 3 × 4 ಎಂದು ಸಾಲಾಗಿ ಬರೆಸಿ, ಚಿಹ್ನೆಯನ್ನು ಆಮೇಲೆ ಯೋಚಿಸಲು ಹೇಳಿ. ಎರಡನ್ನೂ ಒಟ್ಟಿಗೆ ಹುಡುಕಲು ಹೋಗಿಯೇ ಅವರು ಸಿಕ್ಕಿಕೊಳ್ಳುವುದು.

ವರ್ಷದ ಆರಂಭದಲ್ಲಿ ಹಿಂದಿನ ತರಗತಿಯ ಕಲಿಕೆ ನೆನಪಿಸುವ ಸೇತುಬಂಧ ಇದೆಯಲ್ಲ ಎನ್ನಬಹುದು. ಇದೆ, ಜೂನ್‌ನಲ್ಲಿ ಪೂರ್ವ ಪರೀಕ್ಷೆಯೂ ಆಗುತ್ತದೆ. ಹತ್ತಕ್ಕೆ ಬಂದವರಿಗೆ ಬಹುತೇಕ ಒಂಬತ್ತರ ಸಾಮರ್ಥ್ಯಗಳನ್ನೇ ಕೇಳುತ್ತೇವೆ. ಒಂಬತ್ತರ ಬಹುಪದೋಕ್ತಿಯಲ್ಲಿ ತಪ್ಪಿದವರನ್ನು ಇನ್ನೂ ಹಿಂದಕ್ಕೆ ಕರೆದೊಯ್ದು ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ, ವರ್ಷದ ಮೊದಲ ರೂಪಣಾತ್ಮಕ ಮೌಲ್ಯಮಾಪನ ಎಫ್‌ಎ-1 ತಲೆಯ ಮೇಲಿರುತ್ತದೆ. ಪಠ್ಯಪುಸ್ತಕದ ಅನುಕ್ರಮದಲ್ಲಿ ದೋಷವಿಲ್ಲ: ಎಂಟರಲ್ಲಿ ಅಪವರ್ತನ, ಒಂಬತ್ತರಲ್ಲಿ ಬಹುಪದೋಕ್ತಿ, ಹತ್ತರಲ್ಲಿ ವರ್ಗ ಸಮೀಕರಣ ಎಂದು ಒಂದರ ಮೇಲೊಂದು ಕೂತಿವೆ. ಮಗು ತರಗತಿ ಏರಿದ ಮಾತ್ರಕ್ಕೆ ಪಾಠವನ್ನೂ ಏರಿದೆ ಎಂದು ನಾವು ಅಂದುಕೊಳ್ಳುತ್ತೇವೆ.

80 ಅಂಕದ ಪೇಪರಿನಲ್ಲಿ ಪ್ಯಾಕೇಜ್‌ನಿಂದ ದಡ ಸೇರುವ ಮಕ್ಕಳಿದ್ದಾರೆ, ಅವರಿಗೆ ಅದು ಬೇಕು. ಫೇಲಾದ ಮಗುವಿನ ಮನೆಯ ಪರಿಸ್ಥಿತಿ ಗೊತ್ತಿದ್ದವರು ಅದನ್ನು ಹಗುರವಾಗಿ ಕಾಣಲಾರರು. ಆದರೆ ‘ಸಿ’ ಗುಂಪು ಎಂದು ಪಟ್ಟಿ ಮಾಡುವ ಮೊದಲು ಆ ಚೀಟಿ ಕೊಟ್ಟು ನೋಡಲು ಒಂದು ಪೀರಿಯಡ್ ಸಾಕು. ಅಷ್ಟು ಸಮಯ ಕೇಳಿದ್ದಕ್ಕೆ ಸಿಕ್ಕ ಉತ್ತರ, ಸಿಲಬಸ್ ಮುಗಿದಿದೆ, ರಿವಿಷನ್ ಟೈಮ್‌ಟೇಬಲ್ ಹಾಕಿ ಆಗಿದೆ ಎಂಬುದು. ಹಾಗಾಗಿ ಬೆಳಿಗ್ಗೆಯ ವಿಶೇಷ ತರಗತಿಯಲ್ಲೇ ಚೀಟಿ ಹಂಚುತ್ತೇನೆ.