ಚಂದ್ರನ ಮೇಲೆ ಬೆಂಕಿಪೊಟ್ಟಣ

ಮಳೆಗಾಲದಲ್ಲಿ ನಮ್ಮಮ್ಮ ಬೆಂಕಿಪೊಟ್ಟಣವನ್ನು ಅಕ್ಕಿ ಡಬ್ಬದೊಳಗೆ ಹೂತಿಡುತ್ತಾಳೆ. ಹೊರಗಿಟ್ಟರೆ ಮುಗೀತು. ಕಡ್ಡಿ ಗೀರಿದರೆ ಕಿಡಿ ಬರುವುದಿಲ್ಲ, ತುದಿಯ ಮದ್ದು ಕೆಸರಿನ ಹಾಗೆ ಪೊಟ್ಟಣದ ಪಟ್ಟಿಗೆ ಮೆತ್ತಿಕೊಳ್ಳುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ ಪೆದ್ದುತನಕ್ಕೆ ನನ್ನ ಹತ್ತಿರ ಇರುವ ಸಮಜಾಯಿಷಿ ಇದೊಂದೇ.

ಜುಲೈನಲ್ಲಿ ಆಫೀಸಿನವರು ನಮ್ಮನ್ನೆಲ್ಲ ತೀರ್ಥಹಳ್ಳಿ ಕಡೆಯ ಒಂದು ಹೋಂಸ್ಟೇಗೆ ತರಬೇತಿಗೆ ಕರೆದುಕೊಂಡು ಹೋದರು. ಶಿವಮೊಗ್ಗ ಬಿಟ್ಟಾಗಿನಿಂದ ಮಳೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ, ದಾರಿಯುದ್ದಕ್ಕೂ ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಬೆಳಗ್ಗೆ ಕಡುಬು, ಕಳಲೆ ಪಲ್ಯ ಸ್ವಲ್ಪ ಜಾಸ್ತಿಯೇ ಆಗಿ ಎಲ್ಲರೂ ತೂಕಡಿಸುತ್ತಿದ್ದೆವು. ಆಗ ತರಬೇತಿಯವರು ಒಂದೊಂದು ಹಾಳೆ ಕೊಟ್ಟರು.

ನಿಮ್ಮ ನೌಕೆ ಚಂದ್ರನ ಮೇಲೆ ಕೆಟ್ಟು ಇಳಿದಿದೆ. ತಾಯಿನೌಕೆ ಇರುವುದು 200 ಮೈಲಿ ದೂರದಲ್ಲಿ, ಅಂದರೆ ಸುಮಾರು 320 ಕಿಲೋಮೀಟರ್. ಉಳಿದಿರುವುದು 15 ವಸ್ತು. ಯಾವುದು ಮೊದಲು, ಯಾವುದು ಕೊನೆಗೆ? ಮೊದಲು ಒಬ್ಬೊಬ್ಬರೇ ಬರೆಯಬೇಕು, ಆಮೇಲೆ ಗುಂಪಾಗಿ. ವೋಟ್ ಹಾಕುವಂತಿಲ್ಲ, ಮಾತಾಡಿಯೇ ಒಪ್ಪಿಸಬೇಕು.

ಮಾತಾಡಿ ಒಪ್ಪಿಸುವುದು ಅಂದರೆ ನನಗೆ ಹಬ್ಬ.

ಆಮ್ಲಜನಕ, ನೀರು ಸಲೀಸಾಗಿ ಮುಗಿದವು. ಮೂರನೆಯದು ಬೆಂಕಿಪೊಟ್ಟಣ ಅಂದೆ. ಒಬ್ಬರು ನಕ್ಕು, ಅಲ್ಲಿ ಗಾಳಿ ಎಲ್ಲಿದೆ ಮಾರಾಯ ಅಂದರು. ನಾನು ಬಿಡಲಿಲ್ಲ. ‘ಆಮ್ಲಜನಕದ ಎರಡು ಸಿಲಿಂಡರ್ ಇದೆಯಲ್ಲ!’ ಅಂದೆ. ನನ್ನ ಬುದ್ಧಿಗೆ ನಾನೇ ಬೆರಗಾದೆ. ಮೂಲೆಯಲ್ಲಿ ಕೂತಿದ್ದ ಅಕೌಂಟ್ಸ್ ಹುಡುಗಿ, ಕಾಲಿಗೆ ಹತ್ತಿದ್ದ ಇಂಬಳಕ್ಕೆ ಸುಣ್ಣ ಮುಟ್ಟಿಸುತ್ತಾ ಮೆಲ್ಲಗೆ ಹೇಳಿದಳು: ‘ಉಸಿರಾಡೋ ಗಾಳೀನ ಒಲೆಗೆ ಹಾಕೋಕಾಗತ್ತಾ ಸಾರ್?’ ಹೊರಗೆ ಹೆಂಚಿನ ಮೇಲೆ ಮಳೆ ಧೋ ಅಂತಿತ್ತು. ಕೇಳಿಸಲಿಲ್ಲ ಅಂತ ಹೇಳಬಹುದು. ಆದರೆ ನನಗೆ ಕೇಳಿಸಿತ್ತು. ಸುಮ್ನೆ ಕೇಳಿಸದವನ ಹಾಗೆ ಮುಂದುವರಿದೆ. ಕೊನೆಗೆ ರಾಜಿಯಾಗಿ ಬೆಂಕಿಪೊಟ್ಟಣ ಐದನೆಯ ಸ್ಥಾನಕ್ಕೆ ಬಂತು. ಊಟದ ಹೊತ್ತಾಗಿತ್ತು, ಯಾರಿಗೂ ಜಗಳ ಬೇಕಿರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ತರಬೇತಿಯವರು ಮೊಬೈಲ್ ಟಾರ್ಚಿನಲ್ಲೇ ನಾಸಾದವರ ಉತ್ತರ ಓದಿದರು. ಆಮ್ಲಜನಕ 1, ನೀರು 2, ನಕ್ಷತ್ರಗಳ ನಕ್ಷೆ 3. ದಿಕ್ಸೂಚಿ 14, ಯಾಕಂದ್ರೆ ಚಂದ್ರನಿಗೆ ಭೂಮಿಯ ಹಾಗೆ ಕಾಂತಕ್ಷೇತ್ರವಿಲ್ಲ. ಬೆಂಕಿಪೊಟ್ಟಣ 15. ಕಟ್ಟಕಡೆ. ನೀರೇ ಇಲ್ಲದ ಕಡೆ ರಬ್ಬರ್ ದೋಣಿ ಕೂಡ ಅದಕ್ಕಿಂತ ಮೇಲೆ, 9ರಲ್ಲಿ! ಅದನ್ನು ಉಬ್ಬಿಸುವ ಗ್ಯಾಸಿನ ಬಾಟಲಿಯಿಂದ ನೂಕಿಕೊಂಡು ಮುಂದೆ ಹೋಗಬಹುದಂತೆ.

ನಮ್ಮ ಅಂಕಿಗೂ ನಾಸಾದ ಅಂಕಿಗೂ ಇರುವ ವ್ಯತ್ಯಾಸವನ್ನೆಲ್ಲ ಕೂಡಿಸಬೇಕು. ಕಡಿಮೆ ಬಂದಷ್ಟು ಒಳ್ಳೆಯದು. ನನ್ನದು 52. ಗುಂಪಿನದು 44. ಅಕೌಂಟ್ಸ್ ಹುಡುಗಿಯದು 22. ಗುಂಪಿನ 44ರಲ್ಲಿ ಹತ್ತು ಬೆಂಕಿಪೊಟ್ಟಣ ಒಂದರದ್ದೇ, ಅಂದರೆ ನನ್ನದೇ. ಅವಳ ಹಾಳೆ ಇಣುಕಿ ನೋಡಿದೆ. ಬೆಂಕಿಪೊಟ್ಟಣದ ಮುಂದೆ 15 ಅಂತ ಪೆನ್ಸಿಲಿನಲ್ಲಿ ಬರೆದು, ಉಜ್ಜಿ, ನಮ್ಮ ರಾಜಿಯ 5 ತಿದ್ದಿದ್ದಳು. ಒದ್ದೆ ಕಾಗದದಲ್ಲಿ ಹಳೆಯ 15 ಇನ್ನೂ ಕಾಣುತ್ತಿತ್ತು. ‘ಜೋರಾಗಿ ಹೇಳಬೇಕಿತ್ತಲ್ವಾ’ ಅಂದೆ. ‘ಹೇಳಿದ್ನಲ್ಲ ಸಾರ್’ ಅಂದಳು. ಊಟದಲ್ಲಿ ಪತ್ರೊಡೆ ಇತ್ತು. ನನಗೆ ಅಷ್ಟಾಗಿ ರುಚಿಸಲಿಲ್ಲ.

ರಾತ್ರಿ ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳಾದರೂ ನನ್ನ ಪರ ನಿಲ್ಲುತ್ತಾಳೆ ಅಂದುಕೊಂಡಿದ್ದೆ.

‘ಅಲ್ಲಿ ಮಳೆ ಬರ್ತದಾ?’

‘ಗಾಳಿಯೇ ಇಲ್ಲ, ಮಳೆ ಎಲ್ಲಿಂದ ಬರ್ಬೇಕು?’

‘ಮತ್ತೆ ಬೆಂಕಿ ಯಾಕೋ ನಿಂಗೆ?’ ಅಂದವಳೇ ಕಾಫಿ ಮಾಡಲು ಅಕ್ಕಿ ಡಬ್ಬಕ್ಕೆ ಕೈ ಹಾಕಿದಳು.