ಹನಿ, ಪಟ್ಟಿ, ತಕ್ಕಡಿ

12 ಮೇ 2025, ಸೋಮವಾರ

ಯಾವ ಬಟ್ಟೆ ನೀರನ್ನು ಎಷ್ಟು ಬೇಗ, ಎಷ್ಟು ಹೀರುತ್ತದೆ ಎಂದು ಅಳೆಯಲು ಮೇಜಿನ ಮೇಲೆ ಇವತ್ತು ಮೂರು ಬಟ್ಟೆ: ಕೋರಾ (ಮಗ್ಗದಿಂದ ಬಂದ ಹಾಗೇ ಇರುವ) ಹತ್ತಿ, ಹತ್ತಿಯ ಟವೆಲ್, ಓಟಗಾರರು ಹಾಕುವ ಪಾಲಿಯೆಸ್ಟರ್ ಟೀ ಶರ್ಟ್. ಮೂರನ್ನೂ ನಿನ್ನೆ ರಾತ್ರಿಯೇ ಪರೀಕ್ಷಾ ಕೋಣೆಯಲ್ಲಿ ಹರವಿಟ್ಟಿತ್ತು. ಭಾರತೀಯ ಮಾನಕ ಐಎಸ್ 6359 ಪ್ರಕಾರ ನಮ್ಮಲ್ಲಿ 27 ಡಿಗ್ರಿ, ತೇವಾಂಶ 65%. ಈ ಹದ ತಪ್ಪಿದರೆ ಮುಂದಿನ ಯಾವ ಅಂಕಿಯನ್ನೂ ನಂಬುವ ಹಾಗಿಲ್ಲ.

ಮೊದಲು ಹನಿ. ಕಸೂತಿ ರಿಂಗಿಗೆ ಬಟ್ಟೆಯನ್ನು ಸುಕ್ಕಿಲ್ಲದಂತೆ, ಆದರೆ ಹೆಣಿಗೆ ಹಿಗ್ಗದಂತೆ ಸಿಕ್ಕಿಸಿ, 1 ಸೆಂ.ಮೀ. ಮೇಲಿಂದ ಬ್ಯುರೆಟ್ಟಿನ (ಹನಿ ಹನಿಯಾಗಿ ಬಿಡುವ ಗಾಜಿನ ಕೊಳವೆ) ಒಂದು ಹನಿ ನೀರು ಬಿಡುವುದು. ಹನಿಯ ಮೇಲಿನ ಹೊಳಪು ಹೋಗಿ ಮಂಕು ಕಲೆ ಉಳಿದ ಕ್ಷಣಕ್ಕೆ ಸ್ಟಾಪ್‌ವಾಚ್ ನಿಲ್ಲಿಸಬೇಕು. ಕಿಟಕಿಗೆ ಎದುರಾಗಿ ಕೂತರೆ ಹೊಳಪು ಚೆನ್ನಾಗಿ ಕಾಣುತ್ತದೆ. ಕೋರಾ ಬಟ್ಟೆಯ ಮೇಲೆ ನಿಮಿಷವಾದರೂ ಹನಿ ಕೆಸುವಿನ ಎಲೆಯ ಮೇಲಿದ್ದಂತೆ ಕೂತಿತ್ತು. '60+' ಎಂದು ಬರೆದದ್ದಾಯಿತು. ಹತ್ತಿಯ ಎಳೆಯ ಮೇಲೆ ಹುಟ್ಟಿನಿಂದಲೇ ಮೇಣವಿರುತ್ತದೆ. ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಮೇಣ ತೆಗೆದರೆ ಅದೇ ಬಟ್ಟೆ 5 ಸೆಕೆಂಡಿನೊಳಗೆ ಹನಿಯನ್ನು ಕುಡಿಯಬೇಕು. ಕುಡಿಯದಿದ್ದರೆ ಸ್ಕೌರಿಂಗ್, ಅಂದರೆ ಮೇಣ ತೆಗೆಯುವ ಆ ಕೆಲಸ, ಸರಿಯಾಗಿಲ್ಲ ಎಂದರ್ಥ. ಮನೆಯ ಟವೆಲ್ಲಿಗೆ ಪ್ರತಿ ಸಲ ಫ್ಯಾಬ್ರಿಕ್ ಕಂಡೀಷನರ್ ಸುರಿಯುವವರೂ ಕೇಳಬೇಕಾದ ಮಾತಿದು: ಮೆತ್ತಗೆ ಮಾಡುವ ಆ ಲೇಪ ನೀರನ್ನೂ ತಡೆಯುತ್ತದೆ.

ಆಮೇಲೆ ಪಟ್ಟಿ: ಬಟ್ಟೆಯ ಪಟ್ಟಿಯ ಕೆಳತುದಿಯನ್ನು ನೀರಿಗೆ ಇಳಿಬಿಟ್ಟು, ನೀರು ಎಷ್ಟು ಎತ್ತರ ಏರಿತು ನೋಡುವುದು. ಅಗಲ 2.5 ಸೆಂ.ಮೀ., ಉದ್ದ 20. ಹಾಸಿನ (ಉದ್ದನೂಲಿನ) ದಿಕ್ಕಿಗೆ ಬೇರೆ, ಹೊಕ್ಕಿನ (ಅಡ್ಡನೂಲಿನ) ದಿಕ್ಕಿಗೆ ಬೇರೆ ಕತ್ತರಿಸಬೇಕು. ಎರಡರಲ್ಲೂ ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ನೀರಿಗೆ ಬಣ್ಣ ಬೆರೆಸುವ ಅಭ್ಯಾಸ ಬಿಡುವುದೇ ಒಳ್ಳೆಯದು. ಹತ್ತಿ ಬಣ್ಣವನ್ನು ಹಿಡಿದುಕೊಂಡುಬಿಡುತ್ತದೆ, ನೀರು ಮುಂದೆ ಹೋಗಿರುತ್ತದೆ, ನಾವು ಹಿಂದುಳಿದ ಬಣ್ಣವನ್ನು ಅಳೆಯುತ್ತಾ ಕೂತಿರುತ್ತೇವೆ. ಅದರ ಬದಲು ನೀರಿಗೆ ಕದಡುವ ಶಾಯಿಯಲ್ಲಿ ಸೆಂಟಿಮೀಟರಿಗೊಂದು ಗೆರೆ ಎಳೆದರೆ ಸಾಕು. ನೀರು ತಲುಪಿದೊಡನೆ ಗೆರೆ ಹರಡುತ್ತದೆ. ಕೆಳತುದಿಗೆ ಸಣ್ಣ ಕ್ಲಿಪ್ ಹಾಕದಿದ್ದರೆ ಹೆಣೆದ ಬಟ್ಟೆ ಸುರುಳಿಯಾಗಿ ಗಾಜಿಗೆ ತಾಗುತ್ತದೆ. ಆಗ ಗಾಜು-ಬಟ್ಟೆಯ ಸಂದಿನಲ್ಲಿ ನೀರೇರಿ ಸುಳ್ಳು ಎತ್ತರ ತೋರಿಸುತ್ತದೆ.

ಎತ್ತರ ಕಾಲದ ವರ್ಗಮೂಲಕ್ಕೆ ತಕ್ಕಂತೆ ಏರಬೇಕು: 1 ನಿಮಿಷಕ್ಕೆ 4 ಸೆಂ.ಮೀ. ಆದರೆ 4 ನಿಮಿಷಕ್ಕೆ 8. ಆರಂಭದಲ್ಲೇ ಈ ಲೆಕ್ಕ ಕೆಟ್ಟರೆ ಪಟ್ಟಿಯಲ್ಲಿ ಎಣ್ಣೆ ಕೈಯ ಗುರುತನ್ನೋ ಉಳಿದ ಗಂಜಿಯನ್ನೋ ಹುಡುಕಬೇಕು. ಕೊನೆಗೆ ಹಿಂದುಳಿದರೆ ಭಾರ, ಆವಿ, ಹತ್ತಿಯಾದರೆ ಎಳೆ ಊದಿ ಸಂದು ಕಿರಿದಾಗುವುದು, ಇವು ಸಹಜ ಕಾರಣಗಳು.

ಎತ್ತರವೊಂದನ್ನೇ ನೋಡಿ ತೀರ್ಪು ಕೊಡುವ ವರದಿಗಳು ನಮಗೆ ಅಷ್ಟಾಗಿ ಹಿಡಿಸುವುದಿಲ್ಲ. ತೆಳು ಟೀ ಶರ್ಟಿನಲ್ಲಿ ನೀರು ಸರಸರ ಏರಿದರೂ ಅದು ಹೊತ್ತ ನೀರು ಸ್ವಲ್ಪವೇ ಇರಬಹುದು. ಅದಕ್ಕೇ ತಕ್ಕಡಿ: ಬೀಕರನ್ನು 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲಿಟ್ಟು, ಪಟ್ಟಿಯನ್ನು ಹೊರಗಿನ ಸ್ಟ್ಯಾಂಡಿಗೆ ತೂಗಿಹಾಕಿ, ಎಷ್ಟು ಗ್ರಾಂ ಇಳಿಯಿತು ನೋಡುವುದು. ಪಟ್ಟಿಯ ತುದಿ ಮುಳುಗಿದ ಕ್ಷಣ ಅಂಕಿ ಜಿಗಿಯುತ್ತದೆ, ಅದನ್ನು ಗಣಿಸಬೇಡಿ. ಫ್ಯಾನ್ ಆರಿಸಿರಬೇಕು.

ಪಾಲಿಯೆಸ್ಟರ್ ಎಳೆ ಗಾಳಿಯಿಂದ ಹಿಡಿಯುವ ತೇವ ಸುಮಾರು 0.4%, ಹತ್ತಿಯದು 8.5%. ಹಾಗಾಗಿ ಟೀ ಶರ್ಟಿನ ಕೆಲಸವೆಲ್ಲ ಎಳೆಗಳ ನಡುವಿನ ಸಂದಿನಲ್ಲಿ ನಡೆಯುವಂಥದ್ದು. ಕೆಲವಕ್ಕೆ ಎಳೆಯಲ್ಲೇ ಉದ್ದುದ್ದ ಕಾಲುವೆಗಳಿರುತ್ತವೆ, ಕೆಲವಕ್ಕೆ ನೀರೊಲಿಯುವ ಫಿನಿಶ್ (ಲೇಪ) ಬಳಿದಿರುತ್ತಾರೆ. ಕಾಲುವೆ ಒಗೆತಕ್ಕೆ ಹೋಗುವುದಿಲ್ಲ, ಫಿನಿಶ್ ಹೋಗಬಹುದು. ಹೊಸದರಲ್ಲಿ ಇವೆರಡನ್ನು ಪಟ್ಟಿ ಪರೀಕ್ಷೆ ಬೇರ್ಪಡಿಸಲಾರದು. ಅದಕ್ಕೇ ಉಳಿದ ಪಟ್ಟಿಗಳು 20 ಒಗೆತಕ್ಕೆ ಹೋಗಿವೆ, ಕಂಡೀಷನರ್ ಇಲ್ಲದೆ.